ಹಲ್ಲು ನೋಡಿ ಕಾರ್ಡು ಕೊಡುತ್ತಿದ್ದವರು

ನನ್ನ ಹೊಲಿಗೆ ಮಷಿನ್ನಿನ ಮೇಲೆ, ಗೋಡೆಯ ಮೊಳೆಗೆ, ದಾರಗಳ ಒಂದು ಗೊಂಚಲು ತೂಗುಹಾಕಿದ್ದೇನೆ. ಗೇಣುದ್ದದ ಬಿಳಿ ನೂಲಿನ ದಾರಗಳು, ನೂರರ ಮೇಲಿರಬಹುದು. ಒಂದೊಂದರ ತುದಿಗೂ ಒಂದೊಂದು ರಟ್ಟಿನ ಚೀಟಿ. ಕುಪ್ಪಸದ ಅಳತೆ ಕೊಡಲು ಬಂದ ಹೆಂಗಸರು ಮೊದಲು ಅದನ್ನೇ ನೋಡುತ್ತಾರೆ. "ಇದೇನವಾ, ಕಣ್ಣ ಬೀಳಬಾರ್ದಂತ ಕಟ್ಟಿಯೇನ?" ಎಂದು ಕೇಳುತ್ತಾರೆ. ಹೂಂ ಅನ್ನುತ್ತೇನೆ. ಗೊಂಚಲಿನ ನಡುವೆ ಒಂದೇ ಒಂದು ಹಸಿರು ದಾರ ಇದೆ. ಅದನ್ನು ಯಾರೂ ಕೇಳಿರಲಿಲ್ಲ, ಹೋದ ಭಾನುವಾರದವರೆಗೆ.

ದಾರಗಳು ನಮ್ಮೂರು ಹಾನಗಲ್ಲಿನಲ್ಲೇ ಹಳೆಯ ಕಂಪ್ಯೂಟರ್ ಸಾಮಾನು ಮಾರುತ್ತಿದ್ದ ಒಬ್ಬರವು. ಅವರ ಹೆಸರು ಬರೆಯುವುದಿಲ್ಲ. ಆ ಹೆಸರನ್ನು ನಮ್ಮ ಮನೆಯಿಂದಲೇ ಒಮ್ಮೆ ಕೆಡಿಸಿದ್ದಾಗಿದೆ. ಊರಲ್ಲಿ ಅವರಿಗೆ ದಲಾಲರು ಅನ್ನುತ್ತಿದ್ದರು. ನಾನು ಕಾಕಾ ಅನ್ನುತ್ತಿದ್ದೆ.

ನಾನು ಕಲಿತದ್ದು ಏಳನೆಯ ತರಗತಿ. ಕಂಪ್ಯೂಟರಿನ ಹೊಟ್ಟೆಯಲ್ಲಿ ಏನಿರುತ್ತದೆ ಎಂದು ನನಗೆ ಗೊತ್ತಾದದ್ದು ತಮ್ಮನಿಂದ. ಅವನು ಹಿರೇಕೆರೂರಿನ ಗೋವಿನಜೋಳದ ಗೋದಾಮಿನಲ್ಲಿ ಲಾರಿ ತೂಗುವ ಕಾಟಾದ ಮುಂದೆ ಕೂತು ಚೀಟಿ ತೆಗೆಯುತ್ತಾನೆ. ವಾರವೆಲ್ಲ ಅಲ್ಲೇ ಕೋಣೆಯಲ್ಲಿದ್ದು ಶನಿವಾರ ಸಂಜೆಯ ಬಸ್ಸಿಗೆ ಮನೆಗೆ ಬರುತ್ತಾನೆ. ಗೋದಾಮಿನವರು ಹೊಸ ಕಂಪ್ಯೂಟರ್ ತಂದಾಗ ಹಳೆಯದನ್ನು ಇವನಿಗೇ ಕೊಟ್ಟುಬಿಟ್ಟರು. ಅದನ್ನು ತಂದು ಅವ್ವನ ಹಿಟ್ಟಿನ ಡಬ್ಬಿಗಳ ಪಕ್ಕ ಇಟ್ಟ. ಭಾನುವಾರ ಬೆಳಿಗ್ಗೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆಟಕ್ಕೆ ಕೂತರೆ ಊಟಕ್ಕೂ ಏಳುತ್ತಿರಲಿಲ್ಲ. ಅವನ ಇಬ್ಬರು ಗೆಳೆಯರು, ಒಬ್ಬ ಶಿಗ್ಗಾವಿಯಲ್ಲಿ, ಒಬ್ಬ ಸವಣೂರಿನಲ್ಲಿ, ಅವರವರ ಮನೆಯಲ್ಲಿ ಕೂತು ಇವನೊಂದಿಗೆ ಗಾಡಿ ಓಡಿಸುತ್ತಿದ್ದರು. ಅವರ ಗಾಡಿ ಗುಡ್ಡ ಹತ್ತಿ ಇಳಿದರೂ ಇವನ ಗಾಡಿ ಹೊರಟ ಜಾಗದಲ್ಲೇ ನಡುಗುತ್ತ ನಿಂತಿರುತ್ತಿತ್ತು. ಹೆಡ್‌ಫೋನಿನಿಂದ ಅವರ ದನಿ ನನಗೂ ಕೇಳುತ್ತಿತ್ತು. "ಏ ಹಿರೇಕೆರೂರ ಬಸ್ಸ, ಲಗೂನ ಬಾರೋ. ಡ್ರೈವರ್ ಚಾ ಕುಡಿಯಾಕ ಹೋಗ್ಯಾನೇನು?"

ಒಂದು ಭಾನುವಾರ ಅವನು ಹೆಡ್‌ಫೋನ್ ಕಳಚಿಟ್ಟು, "ಗ್ರಾಫಿಕ್ಸ್ ಕಾರ್ಡ್ ಇಲ್ದ ಆಗೂದಿಲ್ಲಕ್ಕ" ಅಂದ.

"ಅದೇನದು?"

"ಚಿತ್ರ ಬಿಡಸಾಕಂತ ಬ್ಯಾರೆ ಆಳು. ಈಗ ಒಳಗ ಒಬ್ಬನ ಅದಾನ. ಲೆಕ್ಕಾನೂ ಅವನ ಮಾಡಬೇಕು, ಚಿತ್ರಾನೂ ಅವನ ಬಿಡಸಬೇಕು. ದಣಿತಾನ."

ಹೊಸದು ನಮ್ಮ ಕೈಗೆ ನಿಲುಕುವಂಥದ್ದಲ್ಲ. ಹಾನಗಲ್ಲಿನ ದಲಾಲರ ಅಂಗಡಿಯಲ್ಲಿ ಹಳೆಯವು ಸಿಗುತ್ತವೆ, ಶಿಗ್ಗಾವಿ ಗೆಳೆಯ ಅಲ್ಲಿಂದಲೇ ಒಯ್ದಿದ್ದಾನೆ ಎಂದ. ಆ ಅಂಗಡಿಗೆ ಭಾನುವಾರ ರಜೆ. ಇವನು ಊರಲ್ಲಿರುವುದೇ ಭಾನುವಾರ. ಹಾಗಾಗಿ ಮೂರು ಕಾರ್ಡುಗಳ ಹೆಸರನ್ನು ಚೀಟಿಯಲ್ಲಿ ಬರೆದು ನನ್ನ ಕೈಗಿಟ್ಟ. "ಅವರ ಕಡೆನ ತಗೋ. ಬ್ಯಾರೆ ಎಲ್ಲೂ ಹೋಗಬ್ಯಾಡ" ಎಂದು ಎರಡು ಸಲ ಹೇಳಿದ.

ಗೊಬ್ಬರದ ಅಂಗಡಿಯ ಪಕ್ಕ ಒಂದು ಕಿರಿದಾದ ಮಳಿಗೆ. ಒಳಗೆ ಗಿರಾಕಿಗಳು ಕೂರಲು ಒಂದು ಬಾಕು, ಗೋಡೆಯ ಮೊಳೆಯಲ್ಲಿ ಈ ದಾರಗಳು, ಕೆಳಗೆ ಮಾವಿನಹಣ್ಣಿನ ಪೆಟ್ಟಿಗೆಗಳು. ಪೆಟ್ಟಿಗೆಗಳಲ್ಲಿ ಹುಲ್ಲಿನ ಬದಲು ಕಾಗದದ ಚೂರು ಹಾಕಿ ಕಾರ್ಡುಗಳನ್ನು ಹಣ್ಣಿನಂತೆ ಜೋಡಿಸಿದ್ದರು. ಹೆಗಲ ಮೇಲೆ ಟಾವೆಲ್ ಹಾಕಿಕೊಂಡ, ಐವತ್ತು ದಾಟಿದ, ಸಣಕಲು ಮನುಷ್ಯ ನನ್ನ ಚೀಟಿ ಓದಿ ಪಕ್ಕಕ್ಕಿಟ್ಟರು.

"ಇದು ಆಮ್ಯಾಲ ನೋಡೂಣ ತಂಗಿ. ಮೊದಲ ಮನ್ಯಾಗಿನ ಎತ್ತು ಯಾವುದು ಹೇಳು."

"ನಮ್ಮ ಮನ್ಯಾಗ ಎತ್ತಿಲ್ರಿ. ನಾನು ಹೊಲಿಗಿ ಮಾಡಾಕಿ."

ಬಾಕಿನ ಮೇಲೆ ಕೂತಿದ್ದವನೊಬ್ಬ ನಕ್ಕ. ಕಾಕಾ ನಗಲಿಲ್ಲ. ಬೆರಳುಗಳಿಂದ ಮೇಜಿನ ಮೇಲೆ ಒಂದು ನೊಗ ಬರೆದು ತೋರಿಸಿದರು.

"ಕಂಪ್ಯೂಟರಿನ್ಯಾಗ ಮೊದಲ ಒಂದು ಎತ್ತು ಇರ್ತೈತಿ. ಪ್ರೊಸೆಸರ್ ಅಂತಾರ. ಈಗ ನೀ ಒಯ್ಯಾಕ ಬಂದಿದ್ದು ಅದರ ಜೋಡಿ. ಮನ್ಯಾಗಿಂದು ಸಣ್ಣದಿದ್ದು ನೀ ದೊಡ್ಡದು ಒಯ್ದಿ ಅಂದ್ರ, ದೊಡ್ಡದು ಸುಮ್ನ ನಿಂತು ಸಣ್ಣದರ ಮಾರಿ ನೋಡ್ತೈತಿ. ರೊಕ್ಕ ಕೊಟ್ಟು ನಿಂದ್ರಸಾಕ ಒಯ್ದಂಗಾತು."

ಮುಂದಿನ ಪ್ರಶ್ನೆ, "ಹೊಲ ಎಷ್ಟು?" ಹೊಲ ಅಂದರೆ ಪರದೆ. ನಾನು ಕೈಗಳನ್ನು ಅಗಲಿಸಿ, "ಅಡ್ಡ ಹದಿನಾರು ಇಂಚು, ಉದ್ದ ಒಂಬತ್ತಕ್ಕ ಒಂದು ನೂಲು ಕಡಿಮಿ" ಅಂದೆ. ಅವರು ಕನ್ನಡಕ ಮೇಲೇರಿಸಿ ನನ್ನನ್ನು ನೋಡಿದರು. ಅಂಗಡಿಗೆ ಬಂದವರಲ್ಲಿ ಹೊಲವನ್ನು ಹೀಗೆ ಅಳೆದು ಹೇಳಿದವರು ಯಾರೂ ಇರಲಿಲ್ಲವಂತೆ. "ಕಣ್ಣಳತಿ ಐತಿ ನಿನಗ" ಅಂದರು. ಸಣ್ಣ ಹೊಲಕ್ಕೆ ಭಾರಿ ಎತ್ತು ಬೇಕಿಲ್ಲ, ಇಷ್ಟು ಪರದೆ ತುಂಬಲು ಸಾಧಾರಣ ಕಾರ್ಡು ಸಾಕು ಎಂದರು.

"ಇನ್ನ ಮೇವು. ಕರೆಂಟಿನ ಡಬ್ಬಿ ಮ್ಯಾಲ ಏನು ಬರದೈತಿ, ನೋಡ್ಕೊಂಡು ಬಾ."

ಮನೆಗೆ ಹೋಗಿ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದೆ. ಡಬ್ಬಿಯ ಮೇಲಿನ ಇಂಗ್ಲಿಷ್ ಅಕ್ಷರಗಳು ನನಗೆ ಓದಲು ಬರುವುದಿಲ್ಲ. ಕಸೂತಿಯ ನಮೂನೆ ಇಳಿಸಿಕೊಳ್ಳುವಂತೆ ಒಂದೊಂದು ಗೆರೆ ನೋಡಿ ಕಾಗದಕ್ಕೆ ಇಳಿಸಿಕೊಂಡೆ. ಮರುದಿನ ಕಾಕಾ ಅದನ್ನು ಓದಿ, "ಕಡಿಮಿ ಮೇವಿನ ಮನಿ" ಅಂದರು. ಎರಡನೆಯ ಪೆಟ್ಟಿಗೆಯಿಂದ ಅಂಗೈಗಿಂತ ತುಸು ದೊಡ್ಡದಾದ, ಒಂದೇ ಫ್ಯಾನಿನ, ಮೂಲೆ ತರಚಿದ ಒಂದು ಕಾರ್ಡು ತೆಗೆದರು. ಅದಕ್ಕೆ ಬಿಳಿ ದಾರ, ದಾರಕ್ಕೆ ಚೀಟಿ.

"ಆರು ಹಲ್ಲಿಂದು. ಸುಳಿ ಇಲ್ಲ."

ಅವರ ಅಪ್ಪ ಆಡೂರಿನವರು, ದನದ ಸಂತೆಯ ದಲಾಲರು. ಹಿರೇಕೆರೂರು, ಸವಣೂರು ಎಂದು ವಾರಕ್ಕೊಂದು ಸಂತೆಯಂತೆ ತಿರುಗಿ ಎತ್ತು ಕೊಡಿಸುತ್ತಿದ್ದರು. ಇವರೂ ಹತ್ತು ವರ್ಷ ಅಪ್ಪನ ಹಿಂದೆ ಹೋಗಿದ್ದರು. ಊರೂರಿಗೆ ಟ್ರ್ಯಾಕ್ಟರ್ ಬಂದು ಸಂತೆ ಸಣ್ಣದಾದ ಮೇಲೆ ಟಿವಿ ರಿಪೇರಿ ಕಲಿತರು, ಆಮೇಲೆ ಕಂಪ್ಯೂಟರ್. ಕೆಲಸ ಬದಲಾಯಿತು, ಮಾತು ಬದಲಾಗಲಿಲ್ಲ. ಎತ್ತಿನ ವಯಸ್ಸು ಹಲ್ಲಿನಲ್ಲಿ ಗೊತ್ತಾಗುತ್ತದೆ. ಹಾಲಲ್ಲು ಬಿದ್ದು ಎರಡು ಬಂದರೆ ಎರಡಲ್ಲು, ಆಮೇಲೆ ನಾಲ್ಕು, ಆರು. ಎಲ್ಲ ಬಂದರೆ ಬಾಯಿಗೂಡಿತು, ಇನ್ನು ಮುದಿತನ. ಕಾರ್ಡಿನ ವಯಸ್ಸನ್ನೂ ಅವರು ಹಾಗೆಯೇ ಹೇಳುತ್ತಿದ್ದರು. ಮೈಮೇಲಿನ ಕೂದಲು ಕೆಟ್ಟ ಜಾಗದಲ್ಲಿ ಸುತ್ತಿದ್ದರೆ ಸುಳಿ ಎಂದು ಎತ್ತನ್ನು ಬಿಡುತ್ತಾರಲ್ಲ, ಕಾರ್ಡಿನ ದೋಷಕ್ಕೂ ಅವರದ್ದು ಅದೇ ಹೆಸರು.

ನಡಿಗೆ ನೋಡದೆ ಅವರು ಕೊಡುತ್ತಿರಲಿಲ್ಲ. ಕಾರ್ಡನ್ನು ತಮ್ಮ ಮೇಜಿನ ಕಂಪ್ಯೂಟರಿಗೆ ಹಾಕಿ ಒಂದು ಆಟ ಹಚ್ಚಿ ಒಂದು ತಾಸು ಬಿಡುತ್ತಿದ್ದರು. ನಾನು ಪರದೆಯ ಮೂಲೆಯಲ್ಲಿ ಏರುವ ವೇಗದ ಅಂಕಿ ನೋಡುತ್ತಿದ್ದರೆ ಅವರು ಕಣ್ಣು ಮುಚ್ಚಿ ಫ್ಯಾನಿನ ಸದ್ದು ಕೇಳುತ್ತಿದ್ದರು. ಆಗಾಗ ಕಾರ್ಡಿನ ಬೆನ್ನಿಗೆ ಹಿಂಗೈ ತಾಗಿಸಿ ನೋಡುತ್ತಿದ್ದರು.

"ಅಂಕಿ ನೋಡಬ್ಯಾಡ. ನೂರಕ್ಕ ಹಾರಿ ಇಪ್ಪತ್ತಕ್ಕ ಬೀಳೂದು ಮುಗ್ಗರಿಸೂ ಎತ್ತು. ಐವತ್ತಾದ್ರೂ ಐವತ್ತರಾಗ ಒಂದ ಸಮ ನಡೀಬೇಕು. ಆಡಾವಗ ಬೇಕಾದದ್ದು ಅದ."

ನನಗೆ ಅಲ್ಲಿ ಕೂರುವುದು ಹಿತವಾಗುತ್ತಿತ್ತು. ಪೇಟೆಯಲ್ಲಿ ಹೊಲಿಗೆಯ ದಾರ ತರುವ ನೆಪದಲ್ಲಿ ನಾಲ್ಕಾರು ಸಲ ಹೋದೆ. ಒಂದು ಪೆಟ್ಟಿಗೆಯ ಮೇಲೆ ಗಾಣ ಎಂದು ಬರೆದಿತ್ತು. ಯಾಕೆ ಎಂದು ಕೇಳಿದೆ. ಕಂಪ್ಯೂಟರಿನಲ್ಲಿ ನಾಣ್ಯ ಹುಟ್ಟಿಸುತ್ತೇವೆ ಎಂದು ದೊಡ್ಡ ಊರುಗಳಲ್ಲಿ ಕೆಲವರು ಈ ಕಾರ್ಡುಗಳನ್ನು ಹಗಲೂ ರಾತ್ರಿ ಓಡಿಸುತ್ತಾರಂತೆ, ಆಮೇಲೆ ಮಾರುತ್ತಾರಂತೆ. ಹಾಗಾದರೆ ಅವು ಕೆಟ್ಟವಲ್ಲವೇ ಎಂದೆ. "ಗಾಣದ ಎತ್ತು ಕೆಟ್ಟದ್ದಂತ ಯಾಕ ಅಂತಿ? ಸುತ್ತಿದ್ದ ಜಾಗಾ ಸುತ್ತಿರ್ತೈತಿ, ಆದ್ರ ಒಂದ ಸಮ ನಡದಿರ್ತೈತಿ. ಫ್ಯಾನ್ ಸವದಿರ್ತಾವು, ಅವನ್ನ ನೋಡಬೇಕು. ನೋಡಿ, ಹೇಳಿ, ಕಡಿಮಿಗೆ ಕೊಡಬೇಕು" ಅಂದರು.

ಅವರೂ ನನ್ನನ್ನು ಕೇಳುತ್ತಿದ್ದರು. ಮಷಿನ್ನಿಗೆ ಮೇಲೊಂದು ದಾರ, ಕೆಳಗೆ ಬಾಬಿನ್ನಿನಲ್ಲೊಂದು ದಾರ ಯಾಕೆ, ಒಂದೇ ಸಾಲದೇ ಎಂದು ಒಮ್ಮೆ ಕೇಳಿದರು. ಎರಡರ ಬಿಗಿಯೂ ಒಂದೇ ಇದ್ದರೆ ಹೊಲಿಗೆ ಕೂರುತ್ತದೆ, ಒಂದು ಬಿಗಿದು ಒಂದು ಸಡಿಲಾದರೆ ಬಟ್ಟೆ ಸುಕ್ಕಾಗುತ್ತದೆ ಎಂದೆ. ಮುಂದಿನ ಸಲ ಹೋದಾಗ ಗಿರಾಕಿಯೊಬ್ಬನಿಗೆ ಅದನ್ನೇ ಹೇಳುತ್ತಿದ್ದರು. "ಎತ್ತು ತಿಳಿಯೂದಿಲ್ಲಾ? ಹಂಗಾರ ಹೊಲಿಗಿ ತಿಳಕೋ. ಈ ತಂಗಿ ಹೇಳ್ಯಾಳ."

ಬೆಲೆಯನ್ನು ಅವರು ಬಾಯಲ್ಲಿ ಹೇಳುತ್ತಿರಲಿಲ್ಲ. ಸಂತೆಯಲ್ಲಿ ದಲಾಲರು ಟಾವೆಲ್ಲಿನ ಕೆಳಗೆ ಕೈ ಹಿಡಿದು ಬೆರಳಿನಲ್ಲಿ ಬೆಲೆ ಕೂಡಿಸುತ್ತಾರೆ. ಗಂಡಸರು ಬಂದರೆ ಇವರೂ ಹಾಗೆಯೇ ಮಾಡುತ್ತಿದ್ದರು. ನಾನು ಹೆಂಗಸು. ಅದಕ್ಕೆ ಟಾವೆಲ್ ಹಾಸಿ ಅದರ ಕೆಳಗೆ ಒಂದಷ್ಟು ಸ್ಕ್ರೂ ಇಟ್ಟರು, ಒಂದು ಸ್ಕ್ರೂ ಅಂದರೆ ಒಂದು ಸಾವಿರ. ನಾನು ಕೈ ಹಾಕಿ ಒಂದನ್ನು ಈಚೆ ಸರಿಸಿದೆ. ಅವರು ಕೈ ಹಾಕಿ ಮುಟ್ಟಿ ನೋಡಿ ಒಪ್ಪಿದರು. ಇದೆಲ್ಲ ಯಾಕೆ ಎಂದು ಕೇಳಿದಾಗ ದನಿ ತಗ್ಗಿಸಿದರು. "ಬಾಕಿನ ಮ್ಯಾಲ ದೊಡ್ಡ ಕಾರ್ಡಿನಾವ ಕುಂತಿರ್ತಾನ. ಸಣ್ಣ ಕಾರ್ಡಿನಾವ ತನ್ನ ಕಿಸೆ ಅವನ ಮುಂದ ಯಾಕ ಬಿಚ್ಚಬೇಕು?"

ದಾರದ ಸಂಗತಿಯೂ ಸಂತೆಯದೇ. ಎತ್ತು ಮಾರಿದವನು ಹಗ್ಗ ಕೊಡುವುದಿಲ್ಲ, ಬಿಚ್ಚಿ ತಾನಿಟ್ಟುಕೊಳ್ಳುತ್ತಾನೆ. ಕೊಂಡವನು ತನ್ನ ಹಗ್ಗ ತರಬೇಕು. ಕಾಕಾ ಅಂಗಡಿಗೆ ಬಂದ ಪ್ರತಿ ಕಾರ್ಡಿಗೂ ದಾರ ಕಟ್ಟಿ, ಚೀಟಿಯಲ್ಲಿ ಎಲ್ಲಿಂದ ಬಂತು, ಎಷ್ಟು ಹಲ್ಲು, ಸುಳಿ ಏನು ಎಂದು ಬರೆಯುತ್ತಿದ್ದರು. ಮಾರಿದಾಗ ಎಲ್ಲಿಗೆ ಎಂದು ಸೇರಿಸಿ, ದಾರ ಬಿಚ್ಚಿ ಮೊಳೆಗೆ ಹಾಕುತ್ತಿದ್ದರು. ಮೊಳೆಯಲ್ಲಿ ದಾರವಿಲ್ಲದ ಕಾರ್ಡು ಅವರು ಕೊಟ್ಟದ್ದಲ್ಲ.

ಇನ್ನೊಂದು ದಿನ ಶಿಗ್ಗಾವಿಯಿಂದ ಮಾವ ಅಳಿಯ ಇಬ್ಬರು ಬಂದರು. ಅಳಿಯ ಬೇರೆ ಕಡೆ ಕೊಂಡ ಕಾರ್ಡನ್ನು ಮಾವ ಮುಂದಿಟ್ಟು, "ಹೆಂಗೈತಿ ನೋಡಿ ಹೇಳ್ರಿ ದಲಾಲರ" ಅಂದ. ಕಾಕಾ ತಿರುಗಿಸಿ ನೋಡಿ, "ಫ್ಯಾನಿಗೆ ಒಂದ ಹನಿ ಎಣ್ಣಿ ಬಿಡ್ತೇನಿ, ನಡೀತೈತಿ" ಎಂದು ಕಳಿಸಿದರು. ಅವರು ಹೋದ ಮೇಲೆ ನನಗೆ ಆ ಕಾರ್ಡಿನ ಹಿಂಬದಿಯಲ್ಲಿ ಕಂಡ ನೀಲಿ ಬಾಯಿಯ ಮಾತು ಹೇಳಿದರು. ಹಳೆಯ ಪರದೆಗಳಿಗೆ ತಂತಿ ಸಿಕ್ಕಿಸುವ ನೀಲಿ ಕಿಂಡಿ ಅದು. ಇತ್ತೀಚಿನ ಹೆಸರು ಹೊತ್ತ ಕಾರ್ಡಿಗೆ ಅದು ಇರಕೂಡದು. ಇದ್ದರೆ ಮುದಿ ಕಾರ್ಡಿನೊಳಗೆ ಹೊಸ ಹೆಸರು ತುಂಬಿದ್ದಾರೆ ಎಂದೇ ಅರ್ಥ. ಸಂತೆಯಲ್ಲಿ ಮುದಿ ಎತ್ತಿನ ಹಲ್ಲು ಅರೆದು, ಕೋಡಿಗೆ ಬಣ್ಣ ಬಳಿದು ತರುತ್ತಾರಲ್ಲ, ಹಾಗೆ.

"ಮತ್ತ ಅವರಿಗ್ಯಾಕ ಹೇಳಲಿಲ್ರಿ?"

"ಕೊಟಿಗ್ಯಾಗ ಕಟ್ಟಿದ ಎತ್ತು ಅದು. ತಂದಾವ ಅಳಿಯ, ತೋರಿಸಾವ ಮಾವ. ನಾ ಬಾಯಿ ತಗದ್ರ ಎತ್ತೇನು ಎಳೇದಾಗೂದಿಲ್ಲ, ಮನಿ ಹದಗೆಡ್ತೈತಿ. ತಂದಾವ ತಾನ ಒಬ್ಬನ ಬಂದು ಕೇಳಿದ್ರ ಹೇಳ್ತೇನಿ."

ಇಷ್ಟೆಲ್ಲ ಕೇಳಿಸಿಕೊಂಡವಳು ನಾನು. ಇನ್ನು ನಾನು ಮಾಡಿದ್ದನ್ನು ಹೇಳಬೇಕು.

ಬೆಲೆ ಕೂಡಿದ್ದರೂ ಆ ಒಂದೇ ಫ್ಯಾನಿನ ಕಾರ್ಡನ್ನು ನಾನು ಕೂಡಲೇ ಕೊಳ್ಳಲಿಲ್ಲ. ಪೆಟ್ಟಿಗೆಯಲ್ಲಿ ಎರಡು ಫ್ಯಾನಿನದೊಂದು ಹೊಳೆಯುತ್ತಿತ್ತು. ಎರಡು ಸ್ಕ್ರೂ ಹೆಚ್ಚಿಗೆ ಇಡುತ್ತೇನೆ, ಅದನ್ನೇ ಕೊಡಿ ಎಂದೆ. ನಿಮ್ಮ ಮನೆಯ ಮೇವು ಸಾಲದು ಎಂದು ಕೊಡಲಿಲ್ಲ. ದೊಡ್ಡದು ಕೇಳಿದರೆ ಸಣ್ಣದು ಕೊಡುವ ವ್ಯಾಪಾರಿಯನ್ನು ನಾನು ನೋಡಿರಲಿಲ್ಲ. ಬೇಡವಾಗಿ ಉಳಿದದ್ದನ್ನು ನನಗೆ ಸಾಗಿಸುತ್ತಿದ್ದಾರೆಯೇ ಎಂದು ಒಂದು ಸಣ್ಣ ಅನುಮಾನ ಹೊಕ್ಕಿತು. "ಇಟ್ಟಿರ್ತೇನಿ. ವಿಚಾರ ಮಾಡಿ ಬಾ" ಅಂದರು.

ಆ ವಾರ ಚಿಗವ್ವನ ಮಗಳ ಮನೆಗೆಂದು ಸವಣೂರಿಗೆ ಹೋದೆ. ಅಲ್ಲಿಯ ಒಂದು ಮೊಬೈಲ್ ಅಂಗಡಿಯ ಗಾಜಿನ ಹಿಂದೆ ಎರಡು ಫ್ಯಾನಿನ ಕಾರ್ಡೊಂದು ಕಂಡಿತು. ಅಂಗಡಿಯವನು ತಂತಿ ಹಚ್ಚಿ ತೋರಿಸಿದ. ಕೆಂಪು, ನೀಲಿ, ಹಸಿರು ದೀಪ ಸುತ್ತಿ ಸುತ್ತಿ ಹೊಳೆದವು. ಚೀಲದಲ್ಲಿದ್ದ ತಮ್ಮನ ಚೀಟಿ ತೆಗೆದು ಗೆರೆಗೆ ಗೆರೆ ಹೋಲಿಸಿದೆ, ಅವನು ಬರೆದುಕೊಟ್ಟ ಮೂರು ಹೆಸರುಗಳಲ್ಲಿ ಒಂದು ಅದರ ಡಬ್ಬಿಯ ಮೇಲಿತ್ತು. ಕಾರ್ಡನ್ನು ತಿರುಗಿಸಿದೆ. ನೀಲಿ ಬಾಯಿ ಇತ್ತು.

ಅದನ್ನು ನಾನು ಕಂಡೆ. ಕಾಣಲಿಲ್ಲ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಕಂಡೆ, ಕಾಕಾ ಹೇಳಿದ್ದೂ ನೆನಪಾಯಿತು. "ಇದ್ಯಾಕ ನೀಲಿ ಐತ್ರಿ?" ಎಂದು ಕೇಳಿದೆ ಕೂಡ. "ಹಳೇ ಟಿವಿಗೂ ಹಚ್ಚಾಕ ಬರಲಿ ಅಂತ ಜಾಸ್ತಿ ಕೊಟ್ಟಾರ್ರೀ ಅಕ್ಕಾರ" ಅಂದ. ಅವನಿಗೇ ಗೊತ್ತಿತ್ತೋ ಇಲ್ಲವೋ. ನನಗೆ ಆ ಉತ್ತರ ಸಾಕಾಯಿತು. ಬಟ್ಟೆಯ ಕಲೆ ಗಿರಾಕಿಗೆ ಕಾಣದಂತೆ ಮಡಿಸುವ ಹಾಗೆ, ಆ ನೀಲಿ ಬಾಯಿಯ ಮೇಲೆ ಹೆಬ್ಬೆರಳಿಟ್ಟುಕೊಂಡು ದೀಪಗಳನ್ನೇ ನೋಡಿದೆ. ಏನೂ ತಿಳಿಯದ ಅಕ್ಕ ತಾನೇ ಆರಿಸಿ ಇಂಥದ್ದು ತಂದಳು ಎಂದು ತಮ್ಮನ ಮುಖ ಅರಳುವುದನ್ನು ನೋಡಬೇಕಿತ್ತು. ಅಷ್ಟೇ ಆಸೆ.

ಮುಖ ಅರಳಿತು. "ದಲಾಲರ ಕಡೆನ ತಂದಿ ಹೌದಲ್ಲ?" ಎಂದು ಕೇಳಿದ. ಹೌದು ಎಂದೆ. ಅವ್ವ ಡಬ್ಬಿಗಳ ಸಂದಿನಲ್ಲಿ ಸುತ್ತುವ ದೀಪ ನೋಡಿ, "ದೇವರ ಮನಿ ಆದಂಗಾತು" ಅಂದಳು.

ದೀಪ ಸುತ್ತಿದವು, ಗಾಡಿ ಓಡಲಿಲ್ಲ. ಹಾರುವುದು, ನಿಲ್ಲುವುದು, ಹಾರುವುದು. ಅದೇ ಮುಗ್ಗರಿಸುವ ಎತ್ತು. ಎಂಟು ಭಾನುವಾರ ತಮ್ಮ ಏನೇನೋ ಮಾಡಿ ನೋಡಿದ. ಒಂಬತ್ತನೆಯ ಭಾನುವಾರ ಪರದೆಯ ತುಂಬ ಮಿನುಗುವ ಪಟ್ಟಿಗಳು ಮೂಡಿದವು, ಆಮೇಲೆ ಪರದೆ ಕಪ್ಪಾಯಿತು. ದೀಪ ಮಾತ್ರ ಸುತ್ತುತ್ತಲೇ ಇದ್ದವು.

ತಮ್ಮ ಒಂದು ದಿನ ರಜೆ ಹಾಕಿ ಬಂದ. ನನ್ನನ್ನೂ ಕರೆದುಕೊಂಡು ಕಾಕಾನ ಅಂಗಡಿಗೆ ಹೋದ. ದಾರಿಯಲ್ಲಿ ಹೇಳಬಹುದಿತ್ತು. ಹತ್ತು ನಿಮಿಷದ ದಾರಿ ಅದು. ಗೊಬ್ಬರದ ಅಂಗಡಿ ಬಂದರೂ ಬಾಯಿ ತೆರೆಯಲಿಲ್ಲ.

"ಕಾಕಾರ, ಇದು ಛಲೋ ಮಾಡಲಿಲ್ಲ ನೀವು. ನಮ್ಮ ಅಕ್ಕ ಹೆಣ್ಣಮಗಳು, ಏನೂ ತಿಳಿಯೂದಿಲ್ಲಂತ ಇದನ್ನ ತಲಿಗೆ ಕಟ್ಟೀರಿ" ಎಂದು ತಮ್ಮ ಕಾರ್ಡನ್ನು ಮೇಜಿನ ಮೇಲಿಟ್ಟ. ಬಾಕಿನ ಮೇಲೆ ಮೂವರು ಕೂತಿದ್ದರು.

ಕಾಕಾ ಕನ್ನಡಕ ಹಾಕಿಕೊಂಡು ಕಾರ್ಡು ತಿರುಗಿಸಿದರು. ನೀಲಿ ಬಾಯಿ ನೋಡಿದರು. ಮೊಳೆಯ ದಾರಗಳ ಕಡೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆ ನೋಟದಲ್ಲಿ ಏನಿತ್ತು ಎಂದು ಇಂದಿಗೂ ಯೋಚಿಸುತ್ತೇನೆ. ಸಿಟ್ಟು ಇರಲಿಲ್ಲ. ಮೊದಲ ದಿನ ನಾನು ಇಂಚಿನಲ್ಲಿ ಹೊಲ ಹೇಳಿದಾಗ ನೋಡಿದಂತೆಯೇ ನೋಡಿದರು, ಇವಳು ಈಗ ಏನು ಹೇಳುತ್ತಾಳೋ ಎಂದು ತಿಳಿಯಲು ಬಯಸಿದವರಂತೆ. ನಾನು ಬೆರಳಿನ ಕತ್ತರಿಯ ಗುರುತು ನೋಡಿಕೊಂಡೆ.

"ನೋಡಿ ತಗೊಳ್ಳೂದ್ರಾಗ ತಪ್ಪಾಗೇತಿ ತಮ್ಮಾ" ಅಂದರು.

ನೋಡಿದವರು ಯಾರು ಎಂದು ಹೇಳಲಿಲ್ಲ. ಸುಳ್ಳಾಡಲಿಲ್ಲ, ನನ್ನನ್ನು ಹಿಡಿದೂ ಕೊಡಲಿಲ್ಲ. ಎರಡನೆಯ ಪೆಟ್ಟಿಗೆಗೆ ಕೈ ಹಾಕಿ ಆ ಒಂದೇ ಫ್ಯಾನಿನ ಕಾರ್ಡು ತೆಗೆದರು. ಎರಡು ತಿಂಗಳಾದರೂ ಮಾರದೆ ಇಟ್ಟಿದ್ದರು. ಅದನ್ನು ತಮ್ಮನಿಗೆ ಕೊಟ್ಟರು. ಟಾವೆಲ್ ಹಾಸಲಿಲ್ಲ. ಅದರ ದಾರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, "ತಂಗಿ, ನಿನ್ನ ಹತ್ರ ಒಂದ ಗೇಣ ದಾರ ಐತೇನು?" ಎಂದು ಕೇಳಿದರು.

ನನ್ನ ಚೀಲದಲ್ಲಿ ಯಾವಾಗಲೂ ಒಂದು ಉಂಡೆ ಇರುತ್ತದೆ. ಆ ದಿನ ಹಸಿರು ಇತ್ತು. ಹರಿದು ಕೊಟ್ಟೆ. ಅವರು ಅದನ್ನು ಸತ್ತ ಕಾರ್ಡಿಗೆ ಪೋಣಿಸಿ, ಚೀಟಿ ಕಟ್ಟಿ, ಏನೋ ಬರೆದರು. ಆಮೇಲೆ ಬಿಚ್ಚಿ, ಬಿಳಿ ದಾರದ ಜೊತೆ ಸೇರಿಸಿ ಒಂದು ಗಂಟು ಹಾಕಿ ಮೊಳೆಗೆ ತೂಗುಹಾಕಿದರು.

ಸಣ್ಣ ಕಾರ್ಡು ಮನೆಯ ಎತ್ತಿಗೆ ಸರಿಯಾಗಿ ಹೊಂದಿತು. ಗಾಡಿ ಗುಡ್ಡ ಹತ್ತಿತು. ಆದರೂ ತಮ್ಮನ ಸಿಟ್ಟು ಇಳಿಯಲಿಲ್ಲ. ಆಡುವವರ ಮೊಬೈಲ್ ಗುಂಪಿನಲ್ಲಿ, ಹಾನಗಲ್ಲಿನ ದಲಾಲ ಹೆಂಗಸರನ್ನು ಕಂಡರೆ ಮೋಸ ಮಾಡುತ್ತಾನೆ, ಜಗಳ ಮಾಡಿದರಷ್ಟೇ ಒಳ್ಳೆಯದು ಕೊಡುತ್ತಾನೆ ಎಂದು ಬರೆದ. ಶಿಗ್ಗಾವಿ ಗೆಳೆಯ, "ನನಗ ಕೊಟ್ಟಿದ್ದು ಛಲೋ ಐತೆಲ್ಲೋ" ಎಂದರೆ, "ನೀ ಗಂಡಸು, ನಿನಗ ಕೊಟ್ಟಾನ" ಎಂದ. ಆ ಗುಂಪಿನಲ್ಲಿ ಸುತ್ತಲಿನ ನಾಲ್ಕೂ ತಾಲೂಕಿನವರಿದ್ದರು. ಬಾಕು ಖಾಲಿಯಾಗುತ್ತ ಬಂತು. ನಾನು ದಾರ ತರಲು ಬೇರೆ ಓಣಿಯಿಂದ ಹೋಗತೊಡಗಿದೆ.

ಒಮ್ಮೆ ಶಿಗ್ಗಾವಿಯ ಬಸ್ಸಿನಲ್ಲಿ ಅವರೇ ಬಂದು ನನ್ನ ಮುಂದಿನ ಸೀಟಿನಲ್ಲಿ ಕೂತರು. ದುಂಡಸಿಗೆ ಹೊರಟಿದ್ದರಂತೆ. ಹಿಂದೆ ತಿರುಗಿ, "ಜೋಡಿ ಹೆಂಗ ನಡದೈತಿ?" ಎಂದು ಕೇಳಿದರು.

"ಒಂದ ಸಮ ನಡದೈತ್ರಿ ಕಾಕಾ."

"ಹಂಗಾರ ಆತು."

"ಅದರ ರೊಕ್ಕ ಕೊಡಬೇಕಿತ್ರಿ ನಾ."

"ಬದಲಿ ಕೊಟ್ಟೀಯಲ್ಲ. ಅದರ ಫ್ಯಾನ್ ಎರಡೂ ಗಟ್ಟಿ ಅದಾವು. ಗಾಣದವಕ್ಕ ಹಾಕೇನಿ."

ತಂದವಳು ಒಬ್ಬಳೇ ಇದ್ದೆ. ಕೇಳಿದ್ದರೆ ಹೇಳುತ್ತಿದ್ದರು, ಹೇಳಿದ್ದರೆ ಕೇಳುತ್ತಿದ್ದರು. ಅವರು ಸ್ವಲ್ಪ ಹೊತ್ತು ಹಾಗೆಯೇ ತಿರುಗಿ ಕೂತಿದ್ದರು. ನಾನು ಮೇವಿನ ಡಬ್ಬಿಯ ಬಗ್ಗೆ ಏನೋ ಕೇಳಿದೆ. ಅದಕ್ಕೂ ಪೂರ್ತಿ ಉತ್ತರ ಕೊಟ್ಟರು. ಶಿಗ್ಗಾವಿ ಬಂತು.

ಕಳೆದ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡರು ಎಂದು ಕೇಳಿದಾಗ ಹತ್ತು ದಿನ ಆಗಿಹೋಗಿತ್ತು. ಹೋದಾಗ ಅವರ ಹೆಂಡತಿ ಅಂಗಡಿ ಖಾಲಿ ಮಾಡುತ್ತಿದ್ದರು. ಪೆಟ್ಟಿಗೆಗಳನ್ನು ಹುಬ್ಬಳ್ಳಿಯವರು ಒಯ್ದಿದ್ದರು. ಮೊಳೆಯ ಗೊಂಚಲು ಬಿಡಿಸಿ ಕೈಯಲ್ಲಿ ಹಿಡಿದು ನಿಂತಿದ್ದ ಆ ತಾಯಿ, "ನೀ ಹೊಲಿಗಿ ಅಕ್ಕ ಅಲ್ಲನ? ಅವರು ನಿನ್ನ ಮಾತು ಹೇಳ್ತಿದ್ರು. ಇವು ನೂಲಿನ್ವು, ನಿನಗರ ಉಪಯೋಗಕ್ಕ ಬರ್ತಾವು ಒಯ್ಯವ್ವ" ಎಂದು ಕೊಟ್ಟರು. ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡೆ.

ಹೋದ ಭಾನುವಾರ ತಮ್ಮನ ಅಂಗಿಯ ಗುಂಡಿ ಹಚ್ಚುತ್ತಿದ್ದೆ. ಅವನು ಆಟದ ನಡುವೆ ಎದ್ದು ಬಂದು ಪಕ್ಕ ನಿಂತ. ಗೊಂಚಲನ್ನು ಕೈಯಲ್ಲಿ ತಿರುವುತ್ತ, ಚೀಟಿಗಳನ್ನು ಓದುತ್ತ ಹೋದ. ಅದು ಯಾರದೆಂದು ಅವನಿಗೆ ಗೊತ್ತಿತ್ತು, ಮಾತಾಡಿರಲಿಲ್ಲ.

"ಎಲ್ಲಾ ಬಿಳೇವು. ಇದೊಂದ್ಯಾಕ ಹಸರೈತಿ?"

ನಾನು ಸೂಜಿ ನಿಲ್ಲಿಸಿದೆ.

"ಇದು ನಿನ್ನ ದಾರ ಅಲ್ಲನಕ್ಕ? ಅವತ್ತ ಕೊಟ್ಟಿದ್ಯಲ್ಲ." ಚೀಟಿಯನ್ನು ಬೆಳಕಿಗೆ ಹಿಡಿದು ಓದಿದ. "ಹಲ್ಲು, ಬಾಯಿಗೂಡಿದ್ದು, ಅರದಾರ. ಸುಳಿ, ನೀಲಿ ಬಾಯಿ. ಎಲ್ಲಿಂದ..." ಅಲ್ಲಿ ನಿಂತ. ಬೇರೆ ಚೀಟಿಗಳನ್ನು ತಿರುವಿ ನೋಡಿದ. ಎಲ್ಲದರಲ್ಲೂ ಎಲ್ಲಿಂದ ಎಂಬುದರ ಮುಂದೆ ಒಂದು ಊರಿತ್ತು. "ಇದರ ಮ್ಯಾಲ ಖಾಲಿ ಬಿಟ್ಟಾರ. ಯಾಕ?"

ಬಟ್ಟೆಗೆ ಗುರುತು ಮಾಡುವ ಪೆನ್ಸಿಲ್ ಮಷಿನ್ನಿನ ಮೇಲಿತ್ತು. ಚೀಟಿಯನ್ನು ಅವನ ಕೈಯಿಂದ ತೆಗೆದುಕೊಂಡು ಆ ಖಾಲಿ ಜಾಗದಲ್ಲಿ ಸವಣೂರು ಎಂದು ಬರೆದೆ. ಅದರ ಕೆಳಗೆ, ತಂದಾಕಿ ಅಕ್ಕ ಎಂದು ಬರೆದೆ. ಬಾಯಲ್ಲಿ ಹೇಳಲಾಗದ್ದು ಕೈಗೆ ಬಂತು.

ಅವನು ಓದಿದ. ಮತ್ತೊಮ್ಮೆ ಓದಿದ. ಹಿಂದೆ ಹಿಟ್ಟಿನ ಡಬ್ಬಿಗಳ ಪಕ್ಕ ಆ ಸಣ್ಣ ಕಾರ್ಡಿನ ಫ್ಯಾನು ಒಂದೇ ಸಮ ತಿರುಗುತ್ತಿತ್ತು. ಹೆಡ್‌ಫೋನಿನಿಂದ ಯಾರೋ ಇವನನ್ನು ಕರೆಯುತ್ತಿದ್ದರು.

"ನಾ ಊರ ತುಂಬ ಹೇಳೇನಲ್ಲಕ್ಕ" ಅಂದ.

ಮೊಬೈಲ್ ತೆಗೆದ. ಆ ಗುಂಪನ್ನು ತೆರೆದ. ಎರಡು ಅಕ್ಷರ ಒತ್ತಿ ಅಳಿಸಿದ. ಕೊನೆಗೆ ಅದನ್ನು ಕಿಸೆಗೆ ಹಾಕಿಕೊಂಡು, ನನ್ನ ಮುಖ ನೋಡದೆ ಹೇಳಿದ.

"ನೀನ ಬರಿ. ಬಂದಷ್ಟು ಬರಿ, ಗುಂಪಿನ್ಯಾಗ ನಾ ಹಾಕ್ತೇನಿ. ಆದ್ರ ಎಲ್ಲಿಂದ ಅನ್ನೂದು ಬಿಡಬ್ಯಾಡ."

ಬರೆದದ್ದು ಇದು. ಬಿಟ್ಟಿಲ್ಲ.